ಕೆರೆಗೆ ಬಿಟ್ಟ ಅರ್ಧ ಅಂಗುಲ

ಮದುವೆಯ ಕರೆಯೋಲೆ ಕೈಗೆ ಬಂದರೆ ನಾನು ಮೊದಲು ಓದುವುದಿಲ್ಲ, ತೂಗುತ್ತೇನೆ. ಅಂಗೈ ಮೇಲಿಟ್ಟುಕೊಂಡು ಎರಡು ಸಲ ಮೇಲೆ ಕೆಳಗೆ ಆಡಿಸಿ, 'ಹೂಂ, ದಪ್ಪ ಕಾಗದ, ಖರ್ಚು ಮಾಡಿದ್ದಾರೆ' ಎಂದುಕೊಂಡ ಮೇಲೆಯೇ ವಧು ಯಾರು ವರ ಯಾರು ಎಂದು ನೋಡುವುದು. ಬಸ್ ಟಿಕೆಟ್ಟು, ಔಷಧಿ ಚೀಟಿ, ಕರೆಂಟ್ ಬಿಲ್ಲು, ಎಲ್ಲಕ್ಕೂ ನನ್ನ ಕೈಯಲ್ಲಿ ಇದೇ ಉಪಚಾರ. ವಿದ್ಯಾರ್ಥಿಗಳ ಪ್ರಬಂಧಗಳ ವಿಷಯದಲ್ಲಿ ಮಾತ್ರ ಈ ಚಟ ನನಗೆ ಕೆಟ್ಟ ಹೆಸರು ತಂದಿತು. 'ಮೇಡಂ ತೂಕ ನೋಡಿ ಮಾರ್ಕ್ಸ್ ಹಾಕುತ್ತಾರೆ' ಎಂದು ಹುಡುಗರು ಆಡಿಕೊಳ್ಳುತ್ತಿದ್ದರು. ಅವರ ಮಾತು ಪೂರ್ತಿ ಸುಳ್ಳೆಂದು ನಾನು ಯಾವತ್ತೂ ಪ್ರಮಾಣ ಮಾಡಿ ಹೇಳಿಲ್ಲ.

ನಾನು ಕಲಿಸಿದ್ದು ಭೂಗೋಳ, ಅದರಲ್ಲೂ ಕಂಪ್ಯೂಟರಿನ ಹೊಟ್ಟೆಯೊಳಗೆ ಊರು, ಹೊಳೆ, ಗುಡ್ಡಗಳನ್ನು ಕೂರಿಸಿ ಲೆಕ್ಕ ಕೇಳುವ ವಿದ್ಯೆ. ಈಗಿನ ಮಕ್ಕಳು ಪರದೆಯ ಮೇಲಿನ ಕೆರೆಯನ್ನು ಒಂದು ಸಲ ಒತ್ತುತ್ತಾರೆ, ಅದು ತನ್ನ ವಿಸ್ತೀರ್ಣವನ್ನು ತಾನೇ ಒಪ್ಪಿಸುತ್ತದೆ. 'ನಾನು ನಿಮ್ಮ ವಯಸ್ಸಿನಲ್ಲಿ ಕೆರೆಗಳನ್ನು ಅಕ್ಕಸಾಲಿಗರ ಅಂಗಡಿಗೆ ಒಯ್ದು ತೂಕಕ್ಕೆ ಹಾಕಿಸುತ್ತಿದ್ದೆ' ಎಂದು ಹೇಳಿದರೆ ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಪಾಪ, ಮೇಡಂಗೆ ವಯಸ್ಸಾಯಿತು ಎಂಬ ಕರುಣೆ ಆ ನೋಟದಲ್ಲಿ ಇರುತ್ತದೆ. ನಿಮಗಾದರೂ ಪೂರ್ತಿ ಹೇಳಿಬಿಡುತ್ತೇನೆ, ನೀವು ನನ್ನ ಹತ್ತಿರ ಮಾರ್ಕ್ಸ್ ಕೇಳುವವರಲ್ಲ.

ನಮ್ಮಪ್ಪ ಚನ್ನಗಿರಿಯಲ್ಲಿ ದರ್ಜಿ. ಹೆಸರು ರುದ್ರಪ್ಪ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಮುಂದೆ ಅಂಗಡಿ, ಹಿಂದೆ ಮನೆ. ಇಸ್ಕೂಲಿನ ಯೂನಿಫಾರ್ಮು, ಹೆಂಗಸರ ಕುಪ್ಪಸ, ಅಪರೂಪಕ್ಕೆ ಯಾರಾದರೂ ಮದುಮಗನ ಕೋಟು. ಮಾತು ಕಡಿಮೆ. ಬಾಯಲ್ಲಿ ಸದಾ ಎರಡು ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದ ಕಾರಣ ಮಾತು ಕಡಿಮೆಯೋ, ಮಾತು ಕಡಿಮೆ ಇದ್ದದ್ದರಿಂದ ಗುಂಡುಸೂಜಿ ಇಟ್ಟುಕೊಳ್ಳಲು ಜಾಗವಿತ್ತೋ, ನನಗೆ ಇವತ್ತಿಗೂ ತಿಳಿಯದು. ಮನೆಯ ಮಾತನ್ನೆಲ್ಲ ಅವ್ವನೇ ಆಡಿ ಮುಗಿಸುತ್ತಿದ್ದಳು.

ಅಪ್ಪ ನನಗೆ ಹೊಲಿದ ಬಟ್ಟೆ ಯಾವುದೂ ಹೊಲಿದ ವರ್ಷವೇ ನನಗೆ ಸರಿಯಾಗಿದ್ದದ್ದಿಲ್ಲ. 'ಬೆಳೆಯೋ ಹುಡುಗಿ' ಎಂದು ಲಂಗದ ಕೆಳಗೆ ಗೇಣುದ್ದದ ಮಡಿಕೆ ಹಾಕುತ್ತಿದ್ದ. ಪ್ರತಿ ಜೂನಿನಲ್ಲಿ ಒಂದೊಂದು ಸುತ್ತು ಬಿಚ್ಚುವುದು. ಬಿಚ್ಚಿದ ಕಡೆ ಬಟ್ಟೆಯ ಬಣ್ಣ ಹೊಸದಾಗಿಯೂ ಉಳಿದ ಕಡೆ ಮಾಸಲಾಗಿಯೂ ಇರುತ್ತಿತ್ತು. ಹೀಗಾಗಿ ನನ್ನ ಲಂಗ ನೋಡಿಯೇ ನಾನು ಎಷ್ಟನೇ ಕ್ಲಾಸು ಎಂದು ಊರಿನವರು ಹೇಳಬಹುದಿತ್ತು. ಕುಪ್ಪಸದ ಒಳಗೂ ಅಷ್ಟೆ, ಇನ್ನೊಬ್ಬಳು ಹಿಡಿಸುವಷ್ಟು ಬಟ್ಟೆ. ಆಗ ನನಗೆ ಅದು ದೊಡ್ಡ ಅವಮಾನ. ದರ್ಜಿಯ ಮಗಳಿಗೇ ಮೈಗೆ ಕೂರುವ ಬಟ್ಟೆಯಿಲ್ಲ ಎಂದು ಗೆಳತಿಯರು ನಗುತ್ತಿದ್ದರು.

ಅಪ್ಪ ನನಗೆ ಹೊಡೆದದ್ದು ಜನ್ಮದಲ್ಲಿ ಒಂದೇ ಸಲ. ಕ್ಯಾಲೆಂಡರಿನ ನವಿಲನ್ನು ಅವನ ಕತ್ತರಿಯಿಂದ ಕತ್ತರಿಸಿದೆ, ಅದಕ್ಕೆ. ಬಟ್ಟೆಯ ಕತ್ತರಿಗೆ ಕಾಗದ ತಾಗಿದರೆ ಬಾಯಿ ಮೊಂಡಾಗುತ್ತದೆ, ಆಮೇಲೆ ಅದು ಬಟ್ಟೆಯನ್ನು ಕತ್ತರಿಸುವುದಿಲ್ಲ, ಅಗಿಯುತ್ತದೆ. ಯಾವ ದರ್ಜಿಯ ಮನೆಗೆ ಹೋಗಿ ಕೇಳಿದರೂ ಇದನ್ನೇ ಹೇಳುತ್ತಾರೆ. ಆ ಕತ್ತರಿ ಅಪ್ಪನ ಗುರುಗಳು ಕೊಟ್ಟದ್ದು. ಆಯುಧಪೂಜೆಯ ದಿನ ಅದಕ್ಕೆ ಮೊದಲ ಕುಂಕುಮ, ಮಿಷನ್ನಿಗೆ ಎರಡನೆಯದು, ನಮಗೆಲ್ಲ ಆಮೇಲೆ.

ಇಂಥ ಮನೆಯಿಂದ ನಾನು ಹೋಗಿ ಭೂಗೋಳದಲ್ಲಿ ಎಂ.ಎ. ಮಾಡಿ, ಅಷ್ಟಕ್ಕೆ ಸುಮ್ಮನಿರದೆ ಪಿಎಚ್.ಡಿ.ಗೆ ಹೆಸರು ಹಚ್ಚಿಸಿ ಬಂದೆ. ಎಪ್ಪತ್ತರ ದಶಕದ ಕೊನೆ ಅದು. ಪಕ್ಕದ ಮನೆಯ ಹಾಲಮ್ಮಜ್ಜಿ ಒಂದು ಸಂಜೆ ಕಟ್ಟೆಯ ಮೇಲೆ ಕೂರಿಸಿಕೊಂಡು ವಿಚಾರಿಸಿದಳು. "ಭೂಗೋಳದಾಗೆ ಇನ್ನೇನು ಉಳಿದೈತೆ ತಾಯಿ ಹುಡುಕಾಕೆ? ಎಲ್ಲಾ ಊರೂ ಸಿಕ್ಕಾವಲ್ಲ?" ಮೌಖಿಕ ಪರೀಕ್ಷೆಯಲ್ಲಿ ಕೂಡ ಅಷ್ಟು ಕಷ್ಟದ ಪ್ರಶ್ನೆಯನ್ನು ಮುಂದೆ ಯಾರೂ ನನಗೆ ಕೇಳಲಿಲ್ಲ.

ನನ್ನ ವಿಷಯ ಕೆರೆಗಳು. ಹಳೆಯ ನಕ್ಷೆಗಳಲ್ಲಿ ಇಷ್ಟಗಲ ಇದ್ದ ಕೆರೆ ಹೊಸ ನಕ್ಷೆಯಲ್ಲಿ ಎಷ್ಟಗಲ ಉಳಿದಿದೆ, ಹೂಳೆಷ್ಟು, ಒತ್ತುವರಿ ಎಷ್ಟು ಎಂದು ತೋರಿಸಬೇಕು. ಸೂಳೆಕೆರೆಯಂಥ ದೊಡ್ಡ ಕೆರೆಯಿರುವ ಚನ್ನಗಿರಿ, ಹೊಳೆ ಹರಿಯುವ ಹೊನ್ನಾಳಿ, ಮಳೆಯ ದಾರಿ ಕಾಯುವ ಜಗಳೂರು, ಹೀಗೆ ಮೂರು ತಾಲ್ಲೂಕು ಆರಿಸಿಕೊಂಡಿದ್ದೆ. ಹೊನ್ನಾಳಿಯವರಿಗೆ ಹೊಳೆಯೇ ಇರುವುದರಿಂದ ಕೆರೆಯ ಮೇಲೆ ಅಷ್ಟು ಅಭಿಮಾನವಿಲ್ಲ. ಗೋವಿನಕೋವಿಯಲ್ಲಿ ಒಬ್ಬ ಹಿರಿಯರು, "ಕೆರೆ ನೋಡಾಕೆ ಬಸ್ ಚಾರ್ಜ್ ಕೊಟ್ಟು ಬಂದೀಯೇನವ್ವಾ?" ಎಂದು ಮರುಗಿ ಊಟ ಹಾಕಿಸಿ ಕಳಿಸಿದರು.

ಜಗಳೂರಿನ ಕಡೆ ಮಾತ್ರ ಒಬ್ಬಳನ್ನೇ ಬಿಡಲು ಅವ್ವ ಒಪ್ಪಲಿಲ್ಲ. ಅಪ್ಪ ಅಂಗಡಿ ಮುಚ್ಚಿ ಜೊತೆಗೆ ಬಂದ. ಬರುವಾಗ ಕೊರಳಲ್ಲಿದ್ದ ಟೇಪನ್ನು ತೆಗೆದಿಡುವುದು ಮರೆತಿದ್ದ. ಭೂಸುಧಾರಣೆಯ ಗದ್ದಲ ಇನ್ನೂ ಜನರ ಮನಸ್ಸಿನಲ್ಲಿದ್ದ ಕಾಲ. ಕೈಯಲ್ಲಿ ನಕ್ಷೆ ಹಿಡಿದ ಮಗಳು, ಕೊರಳಲ್ಲಿ ಟೇಪು ಹಾಕಿದ ಅಪ್ಪ ಕೆರೆ ಏರಿಯ ಮೇಲೆ ನಡೆದು ಬಂದರೆ ಜನ ಏನೆಂದುಕೊಳ್ಳಬೇಕು? ಹೊಲದಲ್ಲಿದ್ದವರೆಲ್ಲ ಕೆಲಸ ಬಿಟ್ಟು ಬಂದು ಸುತ್ತುವರಿದರು.

"ಯಾರ ಹೊಲ ಅಳಿಯಾಕೆ ಬಂದೀರಿ?"

"ಹೊಲ ಅಲ್ರೀ, ಕೆರೆ ನೋಡಾಕೆ," ಎಂದ ಅಪ್ಪ.

"ಕೆರೆಯಾಗೆ ನೀರೇ ಇಲ್ಲ, ಏನು ನೋಡ್ತೀರಿ? ಆ ಟೇಪ್ ಯಾಕೆ ಮತ್ತೆ?"

"ನಾನು ದರ್ಜಿ ಕಣ್ರೀ. ಚನ್ನಗಿರಿಯಾಗೆ ಅಂಗಡಿ ಐತೆ."

ಗುಂಪು ತಟ್ಟನೆ ಸಡಿಲಾಯಿತು. ಒಬ್ಬ ಹೆಂಗಸು ಮನೆಗೆ ಓಡಿ ಅಳತೆಗೆಂದು ಒಂದು ಹಳೇ ಕುಪ್ಪಸ, ಜೊತೆಗೆ ಹೊಸ ಖಣ ತಂದೇಬಿಟ್ಟಳು. ಅವಳ ಹಿಂದೆ ಇನ್ನೊಬ್ಬಳು. ಅವತ್ತು ನಾನು ತಂದ ಮಾಹಿತಿಗಿಂತ ಅಪ್ಪ ತಂದ ಹೊಲಿಗೆಯೇ ಹೆಚ್ಚಾಗಿತ್ತು. ಅದನ್ನು ವಾಪಸ್ ಕೊಡಲು ಅಪ್ಪ ಮತ್ತೆ ಹೋಗಲೇಬೇಕಾದ್ದರಿಂದ ನನಗೆ ಎರಡನೆಯ ಸಲ ಕೆರೆ ನೋಡುವ ಭಾಗ್ಯವೂ ಸಿಕ್ಕಿತು.

ತಿರುಗಾಟ ಮುಗಿಯಿತು, ಈಗ ಅಳತೆ. ನಕ್ಷೆಯ ಮೇಲಿನ ಅಂಕುಡೊಂಕು ಆಕಾರಗಳ ವಿಸ್ತೀರ್ಣ ಹೇಳಲು ಪ್ಲಾನಿಮೀಟರ್ ಎಂಬ ಪುಟ್ಟ ಯಂತ್ರವಿತ್ತು. ಅದರ ಮೂತಿಯನ್ನು ಗೆರೆಯ ಮೇಲೆ ಒಂದು ಸುತ್ತು ಆಡಿಸಿದರೆ ಸಾಕು. ನಮ್ಮ ವಿಭಾಗದಲ್ಲಿದ್ದ ಒಂದೇ ಒಂದು ಯಂತ್ರ ರಿಪೇರಿಗೆ ಹೋದದ್ದು ತಿರುಗಿ ಬರಲಿಲ್ಲ. ನನ್ನ ಮೇಷ್ಟ್ರು ಆಗ ಹಳೆಯ ಉಪಾಯ ಹೇಳಿಕೊಟ್ಟರು. ಕೆರೆಗಳನ್ನು ದಪ್ಪ ಡ್ರಾಯಿಂಗ್ ಹಾಳೆಯ ಮೇಲೆ, ಮೈಲಿಗೆ ನಾಲ್ಕು ಅಂಗುಲದಂತೆ ಹಿಗ್ಗಿಸಿ ಬರೆಯಬೇಕು. ಅದೇ ಹಾಳೆಯಲ್ಲಿ ಒಂದು ಚದರ ಮೈಲಿಗೆ ಸಮನಾದ ಚೌಕವನ್ನೂ ಬರೆಯಬೇಕು. ಎರಡನ್ನೂ ಕತ್ತರಿಸಿ ತೂಗಬೇಕು. ಚೌಕದ ತೂಕ ಗೊತ್ತಾದರೆ ಕೆರೆಯ ತೂಕದಿಂದ ಅದರ ವಿಸ್ತೀರ್ಣ ತಿಳಿಯುತ್ತದೆ. ಬೇಸಗೆ ರಜ ಮುಗಿಯುವುದರೊಳಗೆ ಅಂಕಿಗಳನ್ನು ತಂದು ತೋರಿಸದಿದ್ದರೆ ಮುಂದಿನ ವರ್ಷದ ವಿದ್ಯಾರ್ಥಿವೇತನ ಇಲ್ಲ ಎಂದೂ ಹೇಳಿದರು. ಅದಿಲ್ಲದೆ ಸಂಶೋಧನೆ ಮುಂದುವರಿಸುವ ಶಕ್ತಿ ನಮ್ಮ ಮನೆಗೆ ಇರಲಿಲ್ಲ.

ಇದೇ ಬೇಸಗೆಯಲ್ಲಿ ನ್ಯಾಮತಿಯಿಂದ ಒಂದು ಸಂಬಂಧ ಬಂತು. ಆಗ ನ್ಯಾಮತಿ ಹೊನ್ನಾಳಿ ತಾಲ್ಲೂಕಿನ ಒಂದು ದೊಡ್ಡ ಸಂತೆಯ ಊರು. ಹುಡುಗನ ಮನೆಯವರು ಕಿರಾಣಿ ವ್ಯಾಪಾರಿಗಳು, ಒಳ್ಳೆಯ ಜನ. ಹುಡುಗನ ಕಡೆಗೂ ಯಾರೂ ಬೊಟ್ಟು ಮಾಡಿ ತೋರಿಸುವಂತಿರಲಿಲ್ಲ. ಅವರದು ಒಂದೇ ಮಾತು. ಹುಡುಗಿ ಓದಿದ್ದು ಸಾಕು, ಲಗ್ನ ಬೇಗ ಆಗಬೇಕು. ಅವ್ವನಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ನಾನು ಮುಖ ಊದಿಸಿಕೊಂಡರೆ, "ನಿನ್ನ ಕೆರೆ ಎಲ್ಲಿಗೂ ಓಡಿ ಹೋಗಲ್ಲ ಸರೋಜಿ, ವರ ಹೋಗ್ತಾನೆ," ಎಂದಳು. ಅವಳದ್ದೂ ತಪ್ಪಲ್ಲ. ನನ್ನ ಓರಗೆಯವರು ಆಗಲೇ ಕಂಕುಳಲ್ಲಿ ಕೂಸು ಎತ್ತಿಕೊಂಡು ತವರಿಗೆ ಬರುತ್ತಿದ್ದರು. ನೀರು ತರಲು ಹೋದಲ್ಲೆಲ್ಲ ಅವಳನ್ನೇ ನಾಲ್ಕು ಜನ ಕೇಳುತ್ತಿದ್ದರು. ಅಪ್ಪ ಮಾತ್ರ ಮಿಷನ್ ತುಳಿಯುತ್ತಲೇ ಇದ್ದ. ಬಾಯಲ್ಲಿ ಗುಂಡುಸೂಜಿ.

ಅವ್ವ ತನ್ನ ಹಳೆಯ ಬಳೆಗಳನ್ನು ಕರಗಿಸಿ ನನಗೆ ಓಲೆ ಮಾಡಿಸಲು ಮೋನಪ್ಪಾಚಾರ್ರ ಅಂಗಡಿಗೆ ಕರೆದುಕೊಂಡು ಹೋದಳು. ಆಚಾರ್ರು ಗಾಜಿನ ಪೆಟ್ಟಿಗೆಯಿಂದ ಪುಟ್ಟ ತಕ್ಕಡಿ ತೆಗೆದು, ಒಂದು ಕಡೆ ಬಳೆ, ಇನ್ನೊಂದು ಕಡೆ ತೂಕದ ಬಟ್ಟು, ಕೊನೆಗೆ ಕೆಂಪು ಗುಲಗಂಜಿಗಳನ್ನು ಒಂದೊಂದಾಗಿ ಹಾಕಿ, ಮುಳ್ಳು ನಿಲ್ಲುವತನಕ ಉಸಿರು ಬಿಗಿಹಿಡಿದು ಕೂತರು. ನನಗೆ ಬಳೆಯೂ ಕಾಣಲಿಲ್ಲ, ಓಲೆಯೂ ಕಾಣಲಿಲ್ಲ.

"ಆಚಾರ್ರೇ, ಇದರಾಗೆ ಕಾಗದ ತೂಗಾಕೆ ಬರ್ತೈತಾ?"

"ಕಾಗದಾನಾ? ಎಂಥ ಕಾಗದ?"

"ಕಾಗದ ಅಂದ್ರೆ… ಸೂಳೆಕೆರೆ."

ಆಚಾರ್ರು ಅವ್ವನ ಮುಖ ನೋಡಿದರು. ಅವ್ವ ಮಾಡಿನ ಜಂತೆ ನೋಡಿದಳು. ಎಲ್ಲ ವಿವರಿಸಿದ ಮೇಲೆ ಆಚಾರ್ರು ಗಡ್ಡ ಕೆರೆದುಕೊಂಡು, "ನಮ್ಮಪ್ಪನ ಕಾಲದಿಂದ ಈ ತಕ್ಕಡಿಯಾಗೆ ಬಂಗಾರ ಬಿಟ್ಟು ಬ್ಯಾರೆ ಕುಂತಿಲ್ಲ. ಆಗ್ಲಿ, ಕೆರೆ ಅಂದ್ರೆ ಗಂಗಮ್ಮ ಅಲ್ವಾ, ತಗಂಬಾ," ಎಂದರು. ದಾರಿಯುದ್ದಕ್ಕೂ ಅವ್ವ ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದಳು.

ತೂಗುವುದಕ್ಕೆ ಮೊದಲು ಕತ್ತರಿಸಬೇಕಲ್ಲ. ಸೂಳೆಕೆರೆಯ ದಡ ಗುಡ್ಡದ ಸಂದು ಸಂದಿಗೂ ಬೆರಳು ಚಾಚಿ ಕೂತಿದೆ. ಕ್ಷೌರದ ಬ್ಲೇಡು ಹಿಡಿದು ಅಂಗಡಿಯ ಕಟಿಂಗ್ ಟೇಬಲ್ಲಿನ ಮೂಲೆಯಲ್ಲಿ ಕೂತೆ. ಮೊದಲನೆಯ ಹಾಳೆ ಹರಿಯಿತು. ಎರಡನೆಯದರಲ್ಲಿ ಕೆರೆಯ ಒಂದು ಬೆರಳು ಹೋಯಿತು. ಮೂರನೆಯದರಲ್ಲಿ ನನ್ನದೇ ಬೆರಳು ಕುಯ್ದು ಕೆರೆಯ ನಡುವೆ ರಕ್ತ ಬಿತ್ತು. ಅಪ್ಪ ಯಾರದೋ ಚಡ್ಡಿಗೆ ಗುಂಡಿ ಹಚ್ಚುತ್ತ ನೋಡುತ್ತಿದ್ದವನು ಎದ್ದು ಬಂದ. ಬಾಯಿಂದ ಗುಂಡುಸೂಜಿ ತೆಗೆದು ಕಾಲರಿಗೆ ಚುಚ್ಚಿದ.

"ತಾ ಇಲ್ಲಿ," ಎಂದ. ಗೋಡೆಯ ಮೊಳೆಯಿಂದ ಕತ್ತರಿ ತೆಗೆದ.

ಅವ್ವ ಒಳಗಿಂದ ನೋಡಿ ಓಡಿ ಬಂದಳು. "ಏನ್ರೀ ಇದು, ಅದು ಕಾಗದ!"

"ಗೊತ್ತೈತೆ."

"ಕತ್ರಿ ಮೊಂಡಾಗ್ತೈತೆ!"

"ಸಾಣೆಯೋನು ಬರ್ತಾನೆ ಬಿಡು."

ಕತ್ತರಿ ಕಾಗದಕ್ಕೆ ಬಿದ್ದ ಸದ್ದು ಬಟ್ಟೆಗೆ ಬೀಳುವ ಸದ್ದಿನಂತಿರಲಿಲ್ಲ, ಒಣ ಸದ್ದು. ನನ್ನ ಕೆನ್ನೆ ಹಳೆಯ ನವಿಲನ್ನು ನೆನೆದು ಚುರುಗುಟ್ಟಿತು. ನನಗೆ ಅಳು ಬಂತು. ನೆಪಕ್ಕೆ ಕುಯ್ದ ಬೆರಳು ಇತ್ತು.

'ಹೋಗಿ ಬೆರಳಿಗೆ ಅರಿಶಿನ ಹಚ್ಚಿಕೋ' ಎಂದು ಅಪ್ಪ ನನ್ನನ್ನು ಒಳಗೆ ಕಳಿಸಿದ. ಸಂಜೆಯ ಹೊತ್ತಿಗೆ ಸೂಳೆಕೆರೆ, ನಲ್ಲೂರಿನ ಸುತ್ತಿನ ಸಣ್ಣಪುಟ್ಟ ಕೆರೆಗಳು ಎಲ್ಲ ಕತ್ತರಿಸಿ, ಗಿರಾಕಿಗೆ ಕೊಡುವ ಬಟ್ಟೆಯಂತೆ ಅಂಚಿಗೆ ಅಂಚು ಜೋಡಿಸಿ ಗಂಟು ಕಟ್ಟಿ ಕೊಟ್ಟ. ನಾನು ಹಾಗೇ ಎತ್ತಿಕೊಂಡು ಮರುದಿನ ಆಚಾರ್ರ ಅಂಗಡಿಗೆ ಓಡಿದೆ. ಗಂಟು ಬಿಚ್ಚಿದಾಗ ಮೊದಲು ಗಮನಿಸಿದ್ದು ಆಚಾರ್ರೇ. "ಅಲ್ಲವ್ವಾ, ಗೆರೆ ಒಳಗೈತೆ, ಕತ್ರಿ ಹೊರಗೆ ಹೋಗೈತಲ್ಲ?"

ನೋಡುತ್ತೇನೆ, ಪ್ರತಿಯೊಂದು ಕೆರೆಯ ಸುತ್ತ ನನ್ನ ಪೆನ್ಸಿಲ್ ಗೆರೆಯಿಂದಾಚೆ ಅರ್ಧ ಅಂಗುಲ ಬಿಳಿ ಹಾಳೆ. ಎಲ್ಲೂ ಹೆಚ್ಚಿಲ್ಲ, ಎಲ್ಲೂ ಕಡಿಮೆಯಿಲ್ಲ. ಬಟ್ಟೆಗೆ ಬಿಡುವಂತೆ ಅಪ್ಪ ಕೆರೆಗಳಿಗೂ ಹೊಲಿಗೆಗೆಂದು ಅಂಚು ಬಿಟ್ಟಿದ್ದ! ಆ ಅರ್ಧ ಅಂಗುಲ ನೆಲದ ಮೇಲೆ ಒಂದು ಫರ್ಲಾಂಗು. ನಲ್ಲೂರಿನ ಕಡೆಯ ಪುಟ್ಟ ಕೆರೆಗಳು ಒಂದೇ ದಿನಕ್ಕೆ ದುಪ್ಪಟ್ಟಾಗಿದ್ದವು. ಸೂಳೆಕೆರೆ ದಡ ಮೀರಿ ಗದ್ದೆಗೆ ನುಗ್ಗಿತ್ತು. ಆಚಾರ್ರು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನಾನು ಗಂಟು ಕಟ್ಟಿಕೊಂಡು ಮನೆಗೆ ಬಂದೆ.

"ಅಪ್ಪಾ, ಗೆರೆ ಮೇಲೇ ಕತ್ತರಿಸಬೇಕಿತ್ತು."

ಅಪ್ಪ ನಿಜವಾಗಿ ಗಾಬರಿಯಾದ. "ಗೆರೆ ಮ್ಯಾಲೆ ಯಾರಾದ್ರೂ ಕತ್ರಿಸ್ತಾರೇನೇ? ಒಳಗೆ ಒಂದಿಷ್ಟು ಬಿಡ್ಬೇಕು. ನಾಳೆ ಮಳೆ ಜೋರು ಬಂದ್ರೆ ಕೆರೆ ಹಿಗ್ಗಲ್ವಾ?"

ನಾನು ನಕ್ಕೂ ನಕ್ಕೂ ಸುಸ್ತಾದೆ. ಅಪ್ಪನೂ ನಾಚಿಕೊಂಡು ನಕ್ಕ. "ಹೋಗ್ಲಿ ಬಿಡು, ಜಾಸ್ತಿ ಇದ್ರೆ ಒಳಗೆ ಹಿಡೀಬೌದು. ಕಡಿಮೆ ಆಗಿದ್ರೆ ಏನ್ ಮಾಡ್ತಿದ್ದೆ?" ಎಂದು ಮತ್ತೆ ಕತ್ತರಿ ಹಿಡಿದು ಒಂದೊಂದೇ ಕೆರೆಯನ್ನು ಗೆರೆಗೆ ತಂದ. ಅವ್ವ ಬಾಗಿಲಲ್ಲಿ ನಿಂತು, 'ಅಪ್ಪ ಮಗಳಿಗೆ ಹುಚ್ಚು' ಎಂಬ ಮುಖ ಮಾಡಿ ಒಳಗೆ ಹೋದಳು.

ಇಲ್ಲಿ ಕತೆಯ ದಾರಿ ಸ್ವಲ್ಪ ಬಿಡುತ್ತೇನೆ. ಎಂಬತ್ತರ ದಶಕದಲ್ಲಿ ನಮ್ಮ ವಿಶ್ವವಿದ್ಯಾಲಯಕ್ಕೆ ಕಂಪ್ಯೂಟರು ಬಂತು. ಒಂದು ಕೋಣೆ ತುಂಬ ಅದೇ, ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ತಾಲ್ಲೂಕನ್ನು ಸಣ್ಣ ಸಣ್ಣ ಚೌಕಗಳಾಗಿ ಒಡೆದು, ನೀರಿದ್ದ ಚೌಕಕ್ಕೆ ಒಂದು ಅಂಕಿ, ಹೊಲಕ್ಕೆ ಒಂದು ಅಂಕಿ ಎಂದು ಕಾರ್ಡುಗಳಲ್ಲಿ ತೂತು ಹೊಡೆಸಿ ಕೊಟ್ಟರೆ, ಮರುದಿನ ಪ್ರಿಂಟರು ಬರೀ ಅಕ್ಷರಗಳಲ್ಲಿ ನಕ್ಷೆ ಒದರುತ್ತಿತ್ತು. ನನ್ನ ಮೊದಲ ಜಗಳೂರಿನಲ್ಲಿ ಒಂದು ಕಾರ್ಡು ಹಿಂದುಮುಂದಾಗಿ ಕೆರೆ ಗುಡ್ಡದ ನೆತ್ತಿ ಹತ್ತಿತ್ತು. ಆಮೇಲೆ ಕಲಿಸುವ ಸರದಿ ನನ್ನದಾಯಿತು. ಈ ವಿದ್ಯೆಯಲ್ಲಿ ಕೆರೆಯ ಅಂಚಿನಿಂದ ಇಷ್ಟು ದೂರ ಎಂದು ಸುತ್ತಲೂ ಒಂದು ಪಟ್ಟಿ ಬಿಡುವ ಕ್ರಮವಿದೆ, ಬಫರ್ ಎನ್ನುತ್ತಾರೆ. ಒತ್ತುವರಿ ತಡೆಯಲು, ನೆರೆ ಎಲ್ಲಿಯವರೆಗೆ ಬಂದೀತು ಎಂದು ತಿಳಿಯಲು ಅದು ಬೇಕೇ ಬೇಕು. ಆ ಪಾಠ ಮಾಡುವ ದಿನ ನನಗೆ ಕ್ಲಾಸಿನಲ್ಲಿ ಸುಮ್ಮಸುಮ್ಮನೆ ನಗು ಬರುತ್ತಿತ್ತು. ಎಲ್ಲ ಕಡೆ ಸಮನಾದ ಅಷ್ಟು ಚೆಂದದ ಬಫರನ್ನು ನನಗೆ ಯಾವ ಯಂತ್ರದಲ್ಲೂ ತೆಗೆಯಲು ಆಗಿಲ್ಲ.

ಸರಿ, ಮತ್ತೆ ಆ ಬೇಸಗೆಗೆ. ಆಚಾರ್ರ ತಕ್ಕಡಿಯಲ್ಲಿ ಸೂಳೆಕೆರೆ ಒಂದು ತೊಲಕ್ಕಿಂತ ಹೆಚ್ಚೇ ತೂಗಿತು. "ಒಂದು ಜೊತೆ ಓಲೆ ಆಗ್ತೈತೆ ನೋಡವ್ವಾ," ಎಂದರು ಆಚಾರ್ರು. ಚನ್ನಗಿರಿಯ ಕೆರೆಗಳು ಮುಗಿದವು, ಹೊನ್ನಾಳಿಯವೂ ಮುಗಿದವು. ಜಗಳೂರಿನ ಹಾಳೆಗಳು ಉಳಿದಿದ್ದ ದಿನ, ಮಧ್ಯಾಹ್ನದ ಊಟ ಮುಗಿಸಿ ಅಪ್ಪ ಕತ್ತರಿ ತೆಗೆಯುವಷ್ಟರಲ್ಲಿ ನ್ಯಾಮತಿಯವರು ಬಂದರು. ಹುಡುಗ, ಅವನ ಸೋದರಮಾವ, ಇನ್ನೊಬ್ಬರು ಹಿರಿಯರು. ಅವ್ವ ಹಾಳೆಗಳನ್ನು ಗಡಿಬಿಡಿಯಿಂದ ಸುತ್ತಿ ಮೂಲೆಗೆ ನಿಲ್ಲಿಸಿ ಚಾಪೆ ಹಾಸಿದಳು. ನಾನು ಕಾಫಿ ಕೊಟ್ಟು ಬಾಗಿಲ ಹಿಂದೆ ನಿಂತೆ. ಸಂದಿಯಿಂದ ಅಪ್ಪ ಕಾಣುತ್ತಿದ್ದ.

ಸೋದರಮಾವ ಲೋಟ ಕೆಳಗಿಟ್ಟರು. "ರುದ್ರಪ್ಪನೋರೇ, ನಮಗೆ ಹುಡುಗಿ ಒಪ್ಪಿಗೆ ಐತೆ. ಓದು ಇಲ್ಲಿಗೆ ಸಾಕು. ಬರೋ ತಿಂಗಳದಾಗೆ ಒಂದು ಮುಹೂರ್ತ ಐತೆ, ಇಟ್ಕಳ್ಳಾನಾ?"

ಅಪ್ಪ ಮೂಲೆಗೆ ನಿಲ್ಲಿಸಿದ್ದ ಹಾಳೆಗಳನ್ನು ನೋಡಿದ. ಬೀದಿಯಲ್ಲಿ ಐಸ್ ಕ್ಯಾಂಡಿಯವನು ಗಂಟೆ ಬಾರಿಸುತ್ತ ಬಂದು, ನಿಂತು, ಮುಂದಕ್ಕೆ ಹೋದ.

"ಜಗಳೂರಿನವು ಇನ್ನೂ ಕತ್ರಿಸೋದು ಐತಲ್ರೀ," ಎಂದ ಅಪ್ಪ.

"ಅಯ್ಯೋ, ಹೊಲಿಗೆ ಕೆಲಸ ಇದ್ದಿದ್ದೇ ಬಿಡ್ರಿ. ಮಗಳ ಮದುವೆ ಮುಂದೆ ಅದೇನು?"

"ಹೊಲಿಗೆ ಅಲ್ರೀ, ಕೆರೆ. ನಮ್ಮ ಹುಡುಗೀವು." ಅಪ್ಪ ಮೂಲೆಯ ಹಾಳೆಗಳ ಕಡೆ ಕೈ ತೋರಿಸಿದ. "ಅವು ಮುಗೀಲಿ. ಅವಳು ಬರಿಯೋದೆಲ್ಲ ಬರೀಲಿ. ಆಮ್ಯಾಲೆ ಅವಳನ್ನೇ ಕೇಳಾನ."

"ಅದು ಎಷ್ಟು ದಿನದ ಮಾತು?"

"ಎರಡೋ ಮೂರೋ ವರ್ಷ ಆಗ್ತೈತಂತೆ."

"ಅಷ್ಟು ದಿನ ನಮಗೆ ಕಾಯಾಕೆ ಆಗಲ್ರೀ."

"ಹೌದ್ರೀ, ನಿಮ್ಮದೂ ಸರಿಯೇ," ಎಂದ ಅಪ್ಪ ಮೆಲ್ಲಗೆ. "ತಪ್ಪು ತಿಳೀಬ್ಯಾಡ್ರಿ."

ಅವರು ಜಗಳವಾಡಲಿಲ್ಲ. ಉಳಿದ ಕಾಫಿ ಕುಡಿದು, ಅವ್ವನಿಗೆ ಹೇಳಿ ಎದ್ದರು. ಹುಡುಗ ಹೊರಡುವಾಗ ಮೂಲೆಯ ಹಾಳೆಗಳ ಕಡೆ ಒಮ್ಮೆ ನೋಡಿದ. ಅಪ್ಪ ಬಸ್ ಸ್ಟ್ಯಾಂಡಿನ ತನಕ ಹೋಗಿ ಬಿಟ್ಟು ಬಂದ. ಬಂದವನು ಟೇಬಲ್ಲಿನ ಮುಂದೆ ಸುಮ್ಮನೆ ಕೂತ. ಅಷ್ಟು ಮಾತನ್ನು ಅವನು ಒಟ್ಟಿಗೆ ಆಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಬಾಗಿಲ ಹಿಂದಿನಿಂದ ಬಂದು ಅವನ ಪಕ್ಕ ನಿಂತೆ. ಒಳಗೆ ಅವ್ವ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ತೊಳೆಯುತ್ತಿದ್ದಳು. ಒಂದೊಂದು ಪಾತ್ರೆಯ ಸದ್ದಿಗೂ ಅಪ್ಪ ತಲೆ ತಗ್ಗಿಸುತ್ತಿದ್ದ.

ಸದ್ದು ನಿಂತಿತು. ಅವ್ವ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದಳು. ಅತ್ತಿದ್ದಳು, ಕಣ್ಣು ಕೆಂಪಾಗಿತ್ತು. ನಮ್ಮಿಬ್ಬರನ್ನೂ ನೋಡದೆ ನೇರ ಮೂಲೆಗೆ ಹೋಗಿ ಜಗಳೂರಿನ ಹಾಳೆಗಳನ್ನು ಎತ್ತಿ ತಂದು ಅಪ್ಪನ ಮುಂದೆ ಬಿಡಿಸಿ ಹಾಸಿದಳು.

"ಬೆಳಕು ಇರೋವಾಗ್ಲೇ ಕತ್ರಿಸ್ರೀ," ಎಂದಳು. "ಈ ಮನೆಯಾಗೆ ಒಂದಾದ್ರೂ ನೆಟ್ಟಗೆ ಮುಗೀಲಿ."

ಅಪ್ಪ ಕತ್ತರಿ ತೆಗೆದುಕೊಂಡ. ಬಾಗಿಲಿಂದ ಬಿಸಿಲುಗಾಳಿ ಬೀಸಿ ಹಾಳೆ ಏಳುತ್ತಿತ್ತು. ಒಂದು ತುದಿ ನಾನು ಹಿಡಿದುಕೊಂಡೆ, ಇನ್ನೊಂದು ತುದಿಯನ್ನು ಅವ್ವ ಹಿಡಿದುಕೊಂಡಳು.